‘ಈ ಚಿಕಿತ್ಸೆಯಿಂದ ಪ್ರಯೋಜನವಾಗದು’ ಎಂದು ಡಾಕ್ಟರು ಹೇಳಿದಾಗ

ಅಹಮದಾಬಾದ್, ವಡೋದರಾ ಅಥವಾ ಸೂರತ್‌ನಲ್ಲಿ ಮಕ್ಕಳ ಮನೆಯಲ್ಲಿರುವ ಕನ್ನಡದ ಹಿರಿಯರಿಗೆ ಅನೇಕ ವೇಳೆ ಗುಜರಾತಿ ಬರುವುದಿಲ್ಲ. ಡಾಕ್ಟರ ಮಾತನ್ನು ಮನೆಯವರೇ ಕನ್ನಡದಲ್ಲಿ ಹೇಳಬೇಕು. ಫ್ಯಾಮಿಲಿ ಡಾಕ್ಟರು ‘ಫಾಯ್ದೋ ನಹೀಂ ಥಾಯ್’ ಎಂದಾಗ, ‘ಇನ್ನೇನೂ ಮಾಡಲಾಗದು’ ಎಂದು ತಿಳಿದು ಹಿರಿಯರಿಂದ ಅದನ್ನು ಮುಚ್ಚಿಡುವುದುಂಟು. ಆದರೆ ಆ ಮಾತಿನ ಅರ್ಥ ‘ಪ್ರಯೋಜನವಾಗದು’ ಎಂದಷ್ಟೇ. ಅದು ಒಂದು ಚಿಕಿತ್ಸೆಯ ಬಗ್ಗೆ ಹೇಳಿದ್ದು, ರೋಗಿಯ ಬಗ್ಗೆ ಅಲ್ಲ.

ಒಂದು ಉದಾಹರಣೆ
ಡಿಮೆನ್ಷಿಯಾ ಎಂಬ ಮರೆವಿನ ಕಾಯಿಲೆಯ ಕೊನೆಯ ಹಂತದಲ್ಲಿ ನಳಿಕೆಯ ಮೂಲಕ ಆಹಾರ ಕೊಡುವುದರಿಂದ ಆಯುಷ್ಯ ಹೆಚ್ಚುತ್ತದೆ ಎಂಬುದಕ್ಕೆ ಆಧಾರವಿಲ್ಲ. ಆಗ ಡಾಕ್ಟರು ನಳಿಕೆ ಬೇಡ ಎನ್ನಬಹುದು. ಊಟ ನಿಲ್ಲಿಸಿ ಎಂದು ಅದರ ಅರ್ಥವಲ್ಲ. ಕೂರಿಸಿ, ನಿಧಾನವಾಗಿ, ಕೈಯಾರೆ ತಿನ್ನಿಸಿ ಎಂದರ್ಥ.

ಡಾಕ್ಟರನ್ನು ಕೇಳಿ
• ಈ ಚಿಕಿತ್ಸೆಯಿಂದ ಯಾವ ಲಾಭ ಸಿಗುವುದಿಲ್ಲ: ಗುಣವೋ, ಆಯುಷ್ಯವೋ, ನೆಮ್ಮದಿಯೋ?
• ಇದರಿಂದ ಆಗುವ ತೊಂದರೆ, ಖರ್ಚು ಏನು?
• ಇದನ್ನು ಬಿಟ್ಟರೆ ಮುಂದೇನಾಗಬಹುದು?
• ನೋವು, ಉಬ್ಬಸಕ್ಕೆ ಏನು ಕೊಡುತ್ತೀರಿ?

ಸಂಶಯವಿದ್ದರೆ ಇನ್ನೊಬ್ಬ ತಜ್ಞರ ಅಭಿಪ್ರಾಯ ಪಡೆಯಿರಿ. ಉತ್ತರವನ್ನು ಹಿರಿಯರಿಗೆ ತಿಳಿಸುವಾಗ ಕತ್ತರಿಸಬೇಡಿ. ಎಷ್ಟು ತಿಳಿಯಬೇಕೆಂದು ಮೊದಲು ಅವರನ್ನೇ ಕೇಳಿ.

ಆರೈಕೆ ನಿಲ್ಲುವುದಿಲ್ಲ
ನೋವು, ವಾಂತಿ, ಉಸಿರಾಟದ ಕಷ್ಟವನ್ನು ತಗ್ಗಿಸುವುದೇ ಉಪಶಾಮಕ ಆರೈಕೆ. ಅಹಮದಾಬಾದಿನ ಗುಜರಾತ್ ಕ್ಯಾನ್ಸರ್ ಮತ್ತು ಸಂಶೋಧನಾ ಸಂಸ್ಥೆಯಲ್ಲಿ ಇದಕ್ಕೆ ಪ್ರತ್ಯೇಕ ವಿಭಾಗವಿದೆ. ತೀವ್ರ ನೋವಿಗೆ ಮಾರ್ಫಿನ್ ಮಾತ್ರೆ ಬರೆದುಕೊಟ್ಟರೆ ಹೆದರಬೇಡಿ. ಹೇಳಿದ ಪ್ರಮಾಣದಲ್ಲೇ ಕೊಟ್ಟರೆ ಅದು ಸಾವನ್ನು ಹತ್ತಿರ ತರುವುದಿಲ್ಲ. ಮಲಬದ್ಧತೆ ಸಾಮಾನ್ಯ, ಅದಕ್ಕೂ ಔಷಧ ಕೇಳಿ ಪಡೆಯಿರಿ.

ಮೊದಲೇ ಬರೆದಿಡಬಹುದು
ಗುಣವಾಗದ ಸ್ಥಿತಿಯಲ್ಲಿ ಯಾವ ಚಿಕಿತ್ಸೆ ಬೇಡವೆಂದು ಮುಂಚಿತವಾಗಿ ಬರೆದಿಡುವ ಹಕ್ಕನ್ನು ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರಂದು ಮಾನ್ಯ ಮಾಡಿತು. 2023ರ ಜನವರಿಯಲ್ಲಿ ವಿಧಾನ ಸರಳವಾಯಿತು: ಇಬ್ಬರು ಸಾಕ್ಷಿಗಳ ಸಹಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು. ಫ್ಯಾಮಿಲಿ ಡಾಕ್ಟರಿದ್ದರೆ ಅವರಿಗೂ ಒಂದು ಪ್ರತಿ ಕೊಡಬೇಕು. ಹಿರಿಯರು ಮಾತನಾಡುವ ಸ್ಥಿತಿಯಲ್ಲಿರುವಾಗಲೇ ಇದನ್ನು ಚರ್ಚಿಸಿ. ಐಸಿಯು ಬಾಗಿಲಲ್ಲಿ ನಿಂತು ಅವರ ಇಷ್ಟವೇನಿತ್ತೆಂದು ಊಹಿಸುವ ಕಷ್ಟ ತಪ್ಪುತ್ತದೆ.