ಮೂರು ಊರುಗಳ ಜನಸಾಂದ್ರತೆಯೂ ವಿಸ್ತಾರವೂ

ಊರಿನ ಹಿರಿಮೆಯನ್ನು ಜನಸಂಖ್ಯೆಯೊಂದರಿಂದಲೇ ಅಳೆಯುವುದು ಲೋಕರೂಢಿ. ಆದರೆ ಆ ಜನರು ಎಷ್ಟು ನೆಲದಲ್ಲಿ ನೆಲಸಿರುವರೆಂಬುದನ್ನು ವಿಚಾರಿಸಿದಲ್ಲದೆ ಊರಿನ ನಿಜಸ್ವರೂಪವು ತಿಳಿಯಲಾರದು. ರಾಯಚೂರು ಜಿಲ್ಲೆಯಲ್ಲಿ ಒಂದೇ ಹೆದ್ದಾರಿಯ ಮೇಲಿರುವ ಮಸ್ಕಿ, ಲಿಂಗಸುಗೂರು, ಸಿಂಧನೂರುಗಳೇ ಇದಕ್ಕೆ ನಿದರ್ಶನಗಳು.

ಪ್ರಾಚೀನತೆಯಲ್ಲಿ ಮಸ್ಕಿಯು ಅಗ್ರಗಣ್ಯವಾದುದು. 1915ರಲ್ಲಿ ಇಲ್ಲಿ ಪತ್ತೆಯಾದ ಶಿಲಾಶಾಸನದಲ್ಲಿ 'ದೇವಾನಾಂಪ್ರಿಯ'ನೆಂಬ ಬಿರುದಿನೊಡನೆ ಅಶೋಕನ ಹೆಸರೂ ಇರುವುದು. ಚಾಳುಕ್ಯರ ಕಾಲದಲ್ಲಿ ಈ ಊರಿಗೆ ಮೊಸಂಗಿಯೆಂಬ ಹೆಸರಿದ್ದಿತು. 1954ರ ಉತ್ಖನನದಲ್ಲಿ ನವಶಿಲಾಯುಗದಿಂದ ಮಧ್ಯಯುಗದವರೆಗಿನ ನಾಲ್ಕು ಕಾಲಗಳ ವಸತಿಪದರಗಳು ಕಂಡುಬಂದುವು. ಎಂದರೆ, ಪೂರ್ವಿಕರು ಬೆಟ್ಟದ ಆಶ್ರಯವನ್ನು ತೊರೆಯದೆ ಹಳೆಯ ನೆಲೆಯ ಮೇಲೆಯೇ ಹೊಸ ನೆಲೆಯನ್ನು ಕಟ್ಟಿಕೊಂಡರು.

ಲಿಂಗಸುಗೂರಿನ ಬೆಳವಣಿಗೆಗೆ ಕಾರಣವು ಬೇರೆ. ರಾಯಚೂರು ದೋಆಬವು 1853ರಿಂದ 1860ರವರೆಗೆ ಆಂಗ್ಲರ ವಶದಲ್ಲಿದ್ದಿತು. ಇಲ್ಲಿ ದಂಡಿನ ಛಾವಣಿಯಿದ್ದಿತು. ಬಳಿಕ ನಿಜಾಮರ ಆಡಳಿತದಲ್ಲಿ 1905ರವರೆಗೆ ಇದು ಜಿಲ್ಲಾ ಕೇಂದ್ರವಾಗಿದ್ದಿತು. ದಂಡಿನವರೂ ಅಧಿಕಾರಿಗಳೂ ಎಡೆಬಿಟ್ಟು ಕಟ್ಟುವವರು; ಪೇಟೆಯ ವ್ಯಾಪಾರಿಗಳು ಗೋಡೆಗೆ ಗೋಡೆ ಹೊಂದಿಸಿ ಕಟ್ಟುವವರು. ಅಧಿಕಾರವು ನೆಲವನ್ನು ಬೇಡುವುದು, ವ್ಯಾಪಾರವು ನೆರೆಯನ್ನು ಬೇಡುವುದು.

ಸಿಂಧನೂರನ್ನು ಬೆಳೆಸಿದುದು ನೀರು. ತುಂಗಭದ್ರಾ ಅಣೆಕಟ್ಟಿನ ಕಾರ್ಯವು 1953ರಲ್ಲಿ ಮುಗಿದ ತರುವಾಯ ಎಡದಂಡೆ ಕಾಲುವೆಯು ಈ ಎರೆಸೀಮೆಯನ್ನು ಭತ್ತದ ನಾಡಾಗಿ ಮಾರ್ಪಡಿಸಿತು. ಆಂಧ್ರದ ರೈತರು ಬಂದರು. ಪೂರ್ವ ಬಂಗಾಳದ ನಿರಾಶ್ರಿತರಿಗೂ ಸಮೀಪದ ಕ್ಯಾಂಪುಗಳಲ್ಲಿ ನೆಲೆ ದೊರೆಯಿತು. ಅಕ್ಕಿ ಗಿರಣಿಗಳೂ ಮಳಿಗೆಗಳೂ ದಾರಿಗಳಗುಂಟ ಹಬ್ಬಿದುವು. 2011ರ ಜನಗಣತಿಯಲ್ಲಿ ಒಂದು ಕಾಲದ ಜಿಲ್ಲಾ ಕೇಂದ್ರವಾದ ಲಿಂಗಸುಗೂರಿನಲ್ಲಿ ಸುಮಾರು 35 ಸಾವಿರ ಜನರಿದ್ದರೆ, ಸಿಂಧನೂರಿನಲ್ಲಿ ಸುಮಾರು 75 ಸಾವಿರ ಜನರಿದ್ದರು.

ಇಲ್ಲಿ ಒಂದು ಎಚ್ಚರಿಕೆಯು ಅವಶ್ಯಕ. ಜನಸಂಖ್ಯೆಯನ್ನು ಪುರಸಭೆಯ ಎಲ್ಲೆಯೊಳಗಿನ ಒಟ್ಟು ಕ್ಷೇತ್ರದಿಂದ ಭಾಗಿಸಿದರೆ ಸಾಂದ್ರತೆಯು ದೊರೆಯುವುದೆಂದು ಭಾವಿಸುವುದುಂಟು. ಎಲ್ಲೆಯೊಳಗೆ ಹೊಲಗದ್ದೆಗಳೂ ಸೇರಿದ್ದರೆ ಓಣಿಯ ಇಕ್ಕಟ್ಟು ಆ ಲೆಕ್ಕದಲ್ಲಿ ಅಡಗಿಹೋಗುವುದು. ಆದುದರಿಂದ ಮನೆಗಳಿರುವ ನೆಲವನ್ನೇ ಪ್ರತ್ಯೇಕವಾಗಿ ಅಳೆಯಬೇಕು.

ಈ ವಿಚಾರವು ಕೇವಲ ಗಣಿತದ್ದಲ್ಲ. ಕಾಲುವೆಯ ಅನ್ನವುಂಡು ಬೆಳೆದ ಊರು ಕಾಲುವೆಯ ಗದ್ದೆಗಳ ಮೇಲೆಯೇ ಹಬ್ಬಿದರೆ ತನ್ನ ಅನ್ನದ ಮೂಲವನ್ನು ತಾನೇ ಮುಚ್ಚಿದಂತಾಗುವುದು. ಒಮ್ಮೆ ನಿವೇಶನವಾದ ಎಕರೆಯು ಮರಳಿ ಭತ್ತ ಬೆಳೆಯುವುದು ದುರ್ಲಭ. ಊರೊಳಗೆ ಬಳ್ಳಾರಿ ಜಾಲಿ ಬೆಳೆದ ಖಾಲಿ ಜಾಗಗಳು ಮೊದಲು ತುಂಬಲಿ. ಆಮೇಲೆ ಹೊರಗಣ ಬಡಾವಣೆಯ ಮಾತು. ಹಳೆಯ ನೆಲೆಯ ಮೇಲೆಯೇ ಹೊಸತನ್ನು ಕಟ್ಟಿದ ಮಸ್ಕಿಯ ಪೂರ್ವಿಕರ ಮಾರ್ಗವು ಇಂದಿಗೂ ಅನುಸರಣೀಯವೇ ಸರಿ.