ದಕ್ಕದ ಕೂಸಿನ ಹೆಸರು

ಬೀದರದ ಹಳೆಯ ಓಣಿಗಳಲ್ಲಾಗಲಿ, ಭಾಲ್ಕಿಯ ಸುತ್ತಣ ಊರುಗಳಲ್ಲಾಗಲಿ, ಮಂಜರಾ ನದಿಯನ್ನು ದಾಟಿ ಔರಾದಿನ ಕಡೆಗೆ ಹೋದಾಗಲಾಗಲಿ, ವಯಸ್ಸಾದ ತಾಯಂದಿರನ್ನು ಮಕ್ಕಳೆಷ್ಟೆಂದು ಕೇಳಿದರೆ ಅವರು ಒಂದಲ್ಲ, ಎರಡು ಸಂಖ್ಯೆಗಳನ್ನು ಹೇಳುವುದುಂಟು. ಭಾಲ್ಕಿಯ ಸೀಮೆಯ ಮುದುಕಿಯೊಬ್ಬಳು ನನಗೆ, "ಒಂಬತ್ತು ಹಡದೀನಪ್ಪಾ, ಐದು ದಕ್ಯಾವ" ಎಂದಳು. ಹೊಲಕ್ಕೂ ಹಣಕ್ಕೂ ಉಂಡ ಅನ್ನಕ್ಕೂ ಸಲ್ಲುವ ಈ 'ದಕ್ಕು' ಎಂಬ ಕ್ರಿಯಾಪದವು ಕೂಸಿಗೆ ಅನ್ವಯಿಸಿದಾಗ ಎಷ್ಟು ಗಂಭೀರವಾಗುತ್ತದೆಂಬುದನ್ನು ನಾನು ಅಂದು ಮನಗಂಡೆನು. ರಾತ್ರಿ ಮೊಲೆಯುಂಡು ನಗುತ್ತ ಮಲಗಿದ ಮೂರು ತಿಂಗಳ ಕೂಸು ಬೆಳಗಿನ ಜಾವಕ್ಕೆ ತಣ್ಣಗಾಗಿದ್ದರೆ, ಅದಕ್ಕೆ ಆಕೆಯ ಬಳಿ ಇದ್ದ ಹೆಸರು ಅಷ್ಟೇ: ದಕ್ಕಲಿಲ್ಲ. ಈ ಮಾತಿನಲ್ಲಿ ಯಾರ ಮೇಲೆಯೂ ಆರೋಪವಿಲ್ಲ.

ಆದರೆ ಪ್ರಾಚೀನರ ಉಳಿದ ಹೆಸರುಗಳು ಇಷ್ಟು ಸೌಮ್ಯವಾಗಿರಲಿಲ್ಲ. ಸುಶ್ರುತಸಂಹಿತೆಯ ಉತ್ತರತಂತ್ರವು ಸ್ಕಂದ, ಶಕುನಿ, ರೇವತಿ, ಪೂತನೆ ಮೊದಲಾದ ಒಂಬತ್ತು ಬಾಲಗ್ರಹಗಳನ್ನು ವರ್ಣಿಸಿ, ತಾಯಿಯ ಅಥವಾ ದಾದಿಯ ಅಪಚಾರವನ್ನೂ ಅಶೌಚವನ್ನೂ ಅವುಗಳ ಪ್ರವೇಶಕ್ಕೆ ಕಾರಣವೆಂದು ಹೇಳುತ್ತದೆ. ವಾಗ್ಭಟನು ಆ ಸಂಖ್ಯೆಯನ್ನು ಹನ್ನೆರಡಕ್ಕೆ ಏರಿಸಿದನು. ಕಾಶ್ಯಪಸಂಹಿತೆಯ ರೇವತೀಕಲ್ಪದಲ್ಲಿ ಬರುವ ಜಾತಹಾರಿಣಿಯಂತೂ, ಹುಟ್ಟಿದುದನ್ನು ಅಪಹರಿಸುವವಳೆಂಬ ತನ್ನ ಹೆಸರಿಗೆ ತಕ್ಕಂತೆ, ಸ್ತ್ರೀಯ ಅಧರ್ಮವನ್ನೇ ಬಾಗಿಲಾಗಿ ಮಾಡಿಕೊಂಡು ಮನೆಯನ್ನು ಹೊಗುವಳು. ಬೀದರದಂತಹ ನಗರದಲ್ಲಿ ವೈದ್ಯನ ಪಕ್ಕದಲ್ಲಿಯೇ ಹಕೀಮನೂ ಇದ್ದುದರಿಂದ, ಬಾಲಗ್ರಹವೆಂಬ ಮಾತಿನ ಜೊತೆಗೆ, ಕೂಸುಗಳ ಸೆಳವಿಗೆ ಯುನಾನಿಯವರು ಕೊಟ್ಟ 'ಉಮ್ಮುಸ್ಸಿಬಿಯಾನ್' ಎಂಬ ಹೆಸರೂ ಉಂಟು; ಜನರ ನಂಬಿಕೆಯಲ್ಲಿ ಅದೂ ಒಂದು ಹೆಣ್ಣುಭೂತವೇ. ಸತ್ತ ಕೂಸಿನ ಬಳಿ ಎರಡು ವೈದ್ಯಪರಂಪರೆಗಳೂ ಹೆಣ್ಣನ್ನೇ ಕಂಡುವೆಂಬುದು ನನ್ನನ್ನು ಬಹುವಾಗಿ ನೋಯಿಸಿದೆ.

ಮನೆಯೊಳಗಿನ ಆಚಾರವು ಭಯದಿಂದ ಹುಟ್ಟಿದುದಾದರೂ ಅದರಲ್ಲಿ ಅಂತಃಕರಣವಿತ್ತು. ಹೆರಿಗೆಯಾದ ಐದನೆಯ ಇಲ್ಲವೆ ಆರನೆಯ ರಾತ್ರಿ ಷಷ್ಠೀದೇವಿಯು ಬಂದು ಹಣೆಬರಹ ಬರೆಯುವಳೆಂದು ನಂಬಿ, ಆಕೆಯನ್ನು ಕನ್ನಡದ ಮನೆಗಳಲ್ಲಿ ಸಟವಿ ಎಂದೂ ಮರಾಠಿಯ ಮನೆಗಳಲ್ಲಿ ಸಟವಾಯಿ ಎಂದೂ ಕರೆದು ಪೂಜಿಸುವರು. ಬಾಣಂತಿಯ ತಲೆದಿಂಬಿನಡಿ ಕುಡಗೋಲು, ಕೂಸಿನ ಮಣಿಕಟ್ಟಿಗೆ ಬಜೆಯ ತುಂಡು, ಕೆನ್ನೆಗೆ ಕಾಡಿಗೆಯ ಬೊಟ್ಟು. ಹಿಂದಿನ ಕೂಸುಗಳು ದಕ್ಕದ ಮನೆಯಲ್ಲಿ ಹುಟ್ಟಿದವನಿಗೆ, ಮೃತ್ಯುವು ಇದು ಬೆಲೆಯಿಲ್ಲದ ವಸ್ತುವೆಂದು ಬಿಟ್ಟುಹೋಗಲೆಂದು, ಕನ್ನಡದವರು ತಿಪ್ಪಣ್ಣ, ಕಲ್ಲಪ್ಪ ಎಂದೂ ಮರಾಠಿಗರು ದಗಡೂ, ಧೋಂಡಿಬಾ ಎಂದೂ ಹೆಸರಿಟ್ಟರು. ತಿಪ್ಪೆ, ಕಲ್ಲು! ಅಂತಹ ಒಂದೊಂದು ಹೆಸರಿನ ಹಿಂದೆಯೂ ಅದಕ್ಕೆ ಮುಂಚೆ ಮಣ್ಣು ಸೇರಿದ ಒಂದೆರಡು ಕೂಸುಗಳಿರುವುದನ್ನು ಈಗ ಯಾರೂ ನೆನೆಯುವುದಿಲ್ಲ.

ಯುರೋಪಿನ ತಾಯಂದಿರ ಪಾಡೂ ಬೇರೆಯಾಗಿರಲಿಲ್ಲ. ನಿದ್ದೆಯಲ್ಲಿ ತಾಯಿಯೇ ಹೊರಳಿ ಕೂಸನ್ನು ಕೊಂದಳೆಂಬ ಆಪಾದನೆಯು ಬೈಬಲಿನ ಸೊಲೊಮೋನನ ನ್ಯಾಯದ ಕಥೆಯಷ್ಟು ಹಳೆಯದು. 1954ರಲ್ಲಿ ಕೇಂಬ್ರಿಜ್ಜಿನ ರೋಗಶಾಸ್ತ್ರಜ್ಞ ಬ್ಯಾರೆಟ್ ಎಂಬವರು 'ಕಾಟ್ ಡೆತ್', ಎಂದರೆ ತೊಟ್ಟಿಲ ಸಾವು, ಎಂಬ ಮಾತನ್ನು ಬಳಕೆಗೆ ತಂದರು. 1969ರಲ್ಲಿ ಅಮೆರಿಕೆಯ ಸಿಯಾಟಲ್ ನಗರದಲ್ಲಿ ಸೇರಿದ ವೈದ್ಯರ ಸಮ್ಮೇಳನವು, ಬ್ರೂಸ್ ಬೆಕ್‌ವಿತ್ ಎಂಬವರು ಸೂಚಿಸಿದ ಲಕ್ಷಣವನ್ನು ಅಂಗೀಕರಿಸಿ, ಸಮಗ್ರವಾದ ಶವಪರೀಕ್ಷೆಯ ನಂತರವೂ ಕಾರಣ ತೋರದ ಶಿಶುವಿನ ಅನಿರೀಕ್ಷಿತ ಮರಣಕ್ಕೆ ಒಂದು ಶಾಸ್ತ್ರೀಯ ನಾಮವನ್ನು ಸ್ಥಾಪಿಸಿತು. ಕಾರಣ ತಿಳಿಯದೆಂಬ ಒಪ್ಪಿಗೆಯೇ ಒಂದು ರೋಗನಾಮವಾದುದು ಸಣ್ಣ ಸಂಗತಿಯಲ್ಲ, ಏಕೆಂದರೆ ತಾಯಿಯನ್ನು ಅಪರಾಧಿಯ ಸ್ಥಾನದಿಂದ ಕೆಳಗಿಳಿಸಿದುದು ಆ ಒಪ್ಪಿಗೆಯೇ. ಅದರ ಬೆನ್ನಿಗೆ ನಡೆದ ಶೋಧನೆಗಳಿಂದ, ಬೋರಲು ಮಲಗಿಸುವ ಅಲ್ಲಿಯ ರೂಢಿಯು ಕೂಸಿಗೆ ಅಪಾಯಕರವೆಂದು ತಿಳಿದುಬಂತು. ಇಂಗ್ಲೆಂಡಿನಲ್ಲಿ 1991ರಿಂದ, ಅಮೆರಿಕೆಯಲ್ಲಿ 1994ರಿಂದ ಅಂಗಾತ ಮಲಗಿಸಿರೆಂದು ಸಾರಿದ ಮೇಲೆ ಅಲ್ಲಿ ಈ ಸಾವುಗಳು ಅರ್ಧಕ್ಕಿಂತಲೂ ಕಡಿಮೆಯಾದುವು. ನಮ್ಮ ಸೀರೆಯ ಜೋಳಿಯಲ್ಲಿ ಕೂಸು ಅಂಗಾತವೇ ಮಲಗುವುದಷ್ಟೆ! ಆದರೂ ಅಷ್ಟರಿಂದಲೇ ನಮ್ಮಲ್ಲಿ ಈ ಸಾವು ಇಲ್ಲವೆನ್ನಲಾಗದು, ಎಣಿಸಿದವರು ಬೇಕಲ್ಲ.

ಎಣಿಕೆಯ ಕಥೆಯೂ ಹೇಳಬೇಕಾದುದೇ. ನಿಜಾಮರ ರಾಜ್ಯದಲ್ಲಿ ಸರಕಾರದ ಭಾಷೆ ಉರ್ದು. ಕನ್ನಡದಲ್ಲೋ ಮರಾಠಿಯಲ್ಲೋ ಅತ್ತ ತಾಯಿಯ ಮಾತು ದಫ್ತರವನ್ನು ಮುಟ್ಟುವ ಮುನ್ನ ಭಾಷೆಯನ್ನು ಬದಲಿಸಬೇಕಾಗಿತ್ತು. 1948ರ ಸೆಪ್ಟೆಂಬರಿನಲ್ಲಿ ಆ ಆಳಿಕೆ ಮುಗಿದು, 1956ರ ನವೆಂಬರ್ 1ರಂದು ಬೀದರವು ಮೈಸೂರು ರಾಜ್ಯವನ್ನು ಸೇರಿತು. ಜನನ ಮರಣ ನೋಂದಣಿಯ ಕಾಯಿದೆಯನ್ನು ಭಾರತದ ಸಂಸತ್ತು ಅಂಗೀಕರಿಸಿದುದು, ಸಿಯಾಟಲ್ಲಿನ ಸಮ್ಮೇಳನ ನಡೆದ 1969ರಲ್ಲಿಯೇ. ಕೊನೆಯ ಕಾಯಿಲೆಯಲ್ಲಿ ಉಪಚರಿಸಿದ ವೈದ್ಯನು ಮರಣಕಾರಣವನ್ನು ಬರೆದುಕೊಡಬೇಕೆಂದು ಆ ಕಾಯಿದೆ ವಿಧಿಸುತ್ತದೆ. ಕಾಯಿಲೆಯೇ ಇಲ್ಲದೆ ಹೋದ ಕೂಸಿಗೆ ಉಪಚರಿಸಿದ ವೈದ್ಯನೆಲ್ಲಿಂದ ಬರಬೇಕು? ಶವಪರೀಕ್ಷೆಯಿಲ್ಲದೆ ಆ ಶಾಸ್ತ್ರೀಯ ನಾಮವನ್ನು ಬರೆಯುವಂತಿಲ್ಲ, ಹಾಲುಗಲ್ಲದ ದೇಹದ ಮೇಲೆ ಕತ್ತಿಯಾಡಿಸಲು ತಾಯಿ ಒಪ್ಪುವಂತಿಲ್ಲ, ಹೊತ್ತು ಮುಳುಗುವುದರೊಳಗೆ ಮಣ್ಣು ಮಾಡುವ ಅವಸರ ಬೇರೆ.

ತೊಟ್ಟಿಲ ಸಾವೆಂಬ ಅನುವಾದವನ್ನು ನಾನು ಆ ಮುದುಕಿಗೆ ಹೇಳಿದೆನು. ತೊಟ್ಟಿಲಿಗೆ ಹಾಕುವುದೆಂದರೆ ನಾಮಕರಣದ ಮಂಗಳಕಾರ್ಯವೆಂದು ತಿಳಿದಿರುವ ಆಕೆ ಕಿವಿಯ ಮೇಲೆ ಕೈಯಿಟ್ಟು, "ಹಂಗ ಅನಬ್ಯಾಡಪ್ಪಾ" ಎಂದಳು. ಕಾರಣವನ್ನು ಹುಡುಕಿ ಕಾಣದೆ ಹೇಳುವ ಹೆಸರು ಒಂದು, ಹುಡುಕದೆಯೇ ತಲೆಬಾಗಿ ಹೇಳುವ ಹೆಸರು ಇನ್ನೊಂದು. ಆದರೂ ಕನ್ನಡದಲ್ಲಿ ವೈದ್ಯನು ತಾಯಿಯ ಮುಂದೆ ನಿಂತು ಹೇಳಬೇಕಾದಾಗ 'ದಕ್ಕಲಿಲ್ಲ' ಎಂಬುದಕ್ಕಿಂತ ಯೋಗ್ಯವಾದ ಮಾತು ನನಗೆ ತೋರದು. ಅಷ್ಟರಲ್ಲಿ ಆಕೆಯ ಸೊಸೆ ಮರಿಮಗುವನ್ನು ಜೋಳಿಯಿಂದೆತ್ತಿಕೊಂಡಳು. ಗಾಳಿಗೆ ಬರಿದೇ ತೂಗಹತ್ತಿದ ಆ ಸೀರೆಯನ್ನು ಮುದುಕಿ ಎದ್ದು ಹೋಗಿ ಎರಡೂ ಕೈಗಳಿಂದ ಹಿಡಿದು ನಿಲ್ಲಿಸಿ, ಮಡಿಚಿ, ಹಗ್ಗಕ್ಕೆ ಸಿಕ್ಕಿಸಿಟ್ಟು ಬಂದಳು.