ಕಣ್ಣಿನ ವೈದ್ಯರು ಜ್ವರದ ವಾರ್ಡಿಗೆ ಹೋದಾಗ



ಹಳೆಯ ಕಾಗದಪತ್ರಗಳನ್ನು ವಿಂಗಡಿಸುತ್ತಿದ್ದಾಗ ಆಸ್ಪತ್ರೆಯ ಚೀಟಿಯೊಂದು ಕೈಗೆ ಸಿಕ್ಕಿತು. ಎಡಗಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ, ದಿನಾಂಕ 30 ಮಾರ್ಚ್ 2020. ಆ ದಿನಾಂಕವನ್ನು ನೋಡಿದ ಕೂಡಲೇ ಉಳಿದ ಕಥೆ ನಿಮಗೆ ಹೊಳೆದಿರಬೇಕು. ಮಾರ್ಚ್ 10ರಂದು ನಮ್ಮ ನೆರೆಯ ಕಲಬುರಗಿಯಲ್ಲಿ ದೇಶದ ಮೊದಲ ಕೋವಿಡ್ ಸಾವು ಸಂಭವಿಸಿತ್ತು. 25ರಿಂದ ದೇಶವೇ ಬಾಗಿಲು ಮುಚ್ಚಿತು. ನನಗೆ ಶಸ್ತ್ರಚಿಕಿತ್ಸೆ ಮಾಡಬೇಕಾಗಿದ್ದ ಕಣ್ಣಿನ ವೈದ್ಯೆಯನ್ನು ಕೋವಿಡ್ ವಾರ್ಡಿಗೆ ನಿಯೋಜಿಸಲಾಯಿತು.

ಆಗ ನನಗೆ ಬಂದ ಸಿಟ್ಟನ್ನು ಈಗ ಒಪ್ಪಿಕೊಳ್ಳುತ್ತೇನೆ. ಫೋನಿನಲ್ಲಿ ಆಸ್ಪತ್ರೆಯ ಸಿಬ್ಬಂದಿಯೊಡನೆ ಜಗಳವಾಡಿದೆ. ಜ್ವರಕ್ಕೂ ಕಣ್ಣಿನ ವೈದ್ಯೆಗೂ ಏನು ಸಂಬಂಧ ಎಂದು ಕೇಳಿದೆ. ಬಲಗಣ್ಣಿನಲ್ಲಿಯೂ ಪೊರೆ ಬಲಿಯುತ್ತಿತ್ತು. ಓದುವುದನ್ನೇ ಉಸಿರಾಗಿಸಿಕೊಂಡವನಿಗೆ ಅಕ್ಷರಗಳು ಮಂಜಿನೊಳಗೆ ಸರಿದುಹೋದಂತಾಗಿತ್ತು. ಶಾಲೆಯಿಲ್ಲದೆ ಮನೆಯಲ್ಲಿದ್ದ ಮೊಮ್ಮಗಳೇ ನನ್ನ ಕಣ್ಣಾದಳು. ದಿನವೂ ಒಂದು ಗಂಟೆ ಓದಿ ಹೇಳುತ್ತಿದ್ದಳು. ಹಾಗೆ ಅವಳ ಬಾಯಿಂದ ಕೇಳಿದ್ದರಲ್ಲಿ ಸರ್ ರೊನಾಲ್ಡ್ ರಾಸ್ ಅವರ ಜೀವನವೂ ಒಂದು.

ತರಗತಿಯಲ್ಲಿ ಎಷ್ಟೋ ವರ್ಷ ನಾನು ಈ ಮಹಾನುಭಾವರನ್ನು ಒಂದೇ ವಾಕ್ಯದಲ್ಲಿ ಮುಗಿಸಿದ್ದೆ: "ಮಲೇರಿಯಾ ಸೊಳ್ಳೆಯಿಂದ ಹರಡುತ್ತದೆಂದು ಕಂಡುಹಿಡಿದವರು ರೊನಾಲ್ಡ್ ರಾಸ್, 1902ರ ನೊಬೆಲ್ ಪ್ರಶಸ್ತಿ." ನೀವು ಅದನ್ನು ಬಾಯಿಪಾಠ ಮಾಡಿ ಅಂಕ ಪಡೆದಿರಿ. ಆದರೆ ಆ ಒಂದು ವಾಕ್ಯದ ಹಿಂದೆ ವರ್ಗಾವಣೆಯ ಆದೇಶಗಳ ಒಂದು ದೊಡ್ಡ ಕಂತೆಯೇ ಇದೆಯೆಂಬುದು ನನಗೂ ಆಗ ತಿಳಿದಿರಲಿಲ್ಲ.

ರಾಸ್ ಅವರು ಸೇನಾ ವೈದ್ಯರು. 1895ರಲ್ಲಿ ಸಿಕಂದರಾಬಾದಿನ ಮದ್ರಾಸ್ ಪದಾತಿದಳವೊಂದರಲ್ಲಿದ್ದರು. ಅಂದು ನಮ್ಮ ಸೀಮೆಯೂ ನಿಜಾಮರ ಆಳ್ವಿಕೆಯಲ್ಲಿಯೇ ಇತ್ತು. ಬಸವಕಲ್ಯಾಣಕ್ಕೆ ಆಗ ಕಲ್ಯಾಣಿ ಎಂಬ ಹೆಸರು; ಅದು ನವಾಬರ ಜಾಗೀರು. ಹುಮನಾಬಾದಿನಿಂದ ಹೈದರಾಬಾದಿನ ರಸ್ತೆ ಹಿಡಿದರೆ ಸಿಗುವ ಊರು ಸಿಕಂದರಾಬಾದು. ಅಲ್ಲಿ ರಾಸ್ ಅವರು ಮಲೇರಿಯಾ ರೋಗಿಗಳಿಗೆ ಹಣ ಕೊಟ್ಟು, ಸೊಳ್ಳೆಗಳಿಂದ ಕಚ್ಚಿಸಿ, ಆ ಸೊಳ್ಳೆಗಳನ್ನು ಸೂಕ್ಷ್ಮದರ್ಶಕದಡಿ ಕೊಯ್ದು ನೋಡುತ್ತಿದ್ದರು. ಕೆಲಸ ಕೈಗೆ ಹತ್ತುತ್ತಿದೆ ಎನ್ನುವಷ್ಟರಲ್ಲಿ, 1895ರ ಸೆಪ್ಟೆಂಬರಿನಲ್ಲಿ ಆದೇಶ ಬಂದಿತು. ಬೆಂಗಳೂರಿನ ದಂಡು ಪ್ರದೇಶದಲ್ಲಿ ಕಾಲರಾ (ನಮ್ಮ ಅಜ್ಜಿಯರ ಬಾಯಲ್ಲಿ ‘ಪಟಕಿ’) ಹಬ್ಬಿದೆ, ಕೂಡಲೇ ಹೊರಡಬೇಕು.

ಹೊರಟರು. ಸುಮಾರು ಒಂದೂವರೆ ವರ್ಷ ಅವರ ಗಮನವೆಲ್ಲ ಬಾವಿ, ಚರಂಡಿ, ಪಾಯಿಖಾನೆಗಳ ಮೇಲೆ. ಮಲೇರಿಯಾ ಬಿಡುವಿನ ವೇಳೆಯ ಕೆಲಸವಾಯಿತು. ಅವರಿಗೆ ಇದರಿಂದ ಆದ ಬೇಸರ ಅಷ್ಟಿಷ್ಟಲ್ಲ. 1923ರಲ್ಲಿ ಪ್ರಕಟಿಸಿದ ತಮ್ಮ ನೆನಪುಗಳ ಗ್ರಂಥದಲ್ಲಿಯೂ ಮೇಲಧಿಕಾರಿಗಳ ಮೇಲಿನ ಅವರ ಸಿಟ್ಟು ಆರಿರಲಿಲ್ಲ. ವಿಚಿತ್ರವೆಂದರೆ, ಸೊಳ್ಳೆಯ ವಿಷಯದಲ್ಲಿ ಅವರು ಮೊದಲ ಪಾಠ ಕಲಿತದ್ದೂ ಬೆಂಗಳೂರಿನಲ್ಲಿಯೇ. 1883ರ ಸುಮಾರಿಗೆ ಅಲ್ಲಿದ್ದಾಗ, ಬಂಗಲೆಯ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಮರಿಹುಳುಗಳನ್ನು ಕಂಡು ಅದನ್ನು ಮಗುಚಿ ಹಾಕಿದರು; ಸೊಳ್ಳೆಯ ಕಾಟ ತಗ್ಗಿತು.

1897ರ ಜೂನ್ ಹೊತ್ತಿಗೆ ರಾಸ್ ಸಿಕಂದರಾಬಾದಿಗೆ ಮರಳಿದರು. ಹುಸೇನ್ ಖಾನ್ ಎಂಬ ರೋಗಿಗೆ ಕಚ್ಚಿದ ಸೊಳ್ಳೆಯೊಂದಕ್ಕೆ ಒಂದು ಆಣೆಯಂತೆ ಕೊಟ್ಟರು. ಆಗಸ್ಟ್ 20ರಂದು ಅಂಥದೊಂದು ಸೊಳ್ಳೆಯ ಜಠರದ ಗೋಡೆಯಲ್ಲಿ ಮಲೇರಿಯಾ ಪರಾವಲಂಬಿಯನ್ನು ಕಂಡರು. ಮರುತಿಂಗಳೇ ಮತ್ತೊಂದು ಆದೇಶ! ಈ ಸಲ ರಾಜಪುತಾನದ ಖೇರವಾಡಕ್ಕೆ. ಅಲ್ಲಿ ಮಲೇರಿಯಾ ರೋಗಿಗಳೇ ವಿರಳ. ಲಂಡನ್ನಿನಲ್ಲಿದ್ದ ಗುರು ಪ್ಯಾಟ್ರಿಕ್ ಮ್ಯಾನ್ಸನ್ ಅವರು ಒತ್ತಾಯಿಸಿದ ಮೇಲೆ, 1898ರ ಫೆಬ್ರವರಿಯಲ್ಲಿ ವಿಶೇಷ ಕರ್ತವ್ಯದ ಮೇಲೆ ಕಲ್ಕತ್ತೆಗೆ ಕಳುಹಿಸಿದರು. ಅದೇ ಜುಲೈ ಹೊತ್ತಿಗೆ, ಸೊಳ್ಳೆ ಕಚ್ಚುವುದರಿಂದಲೇ ಹಕ್ಕಿಗಳಿಗೆ ಮಲೇರಿಯಾ ಹರಡುತ್ತದೆಂದು ರಾಸ್ ಸಾಧಿಸಿ ತೋರಿಸಿದರು.

ಇಷ್ಟು ಕೇಳಿದಾಗ ನನ್ನ ಸಿಟ್ಟಿಗೆ ಸಮರ್ಥನೆ ಸಿಕ್ಕಿತೆಂದು ಹಿಗ್ಗಿದೆ. ಮೊಮ್ಮಗಳು ಮಾತ್ರ ಒಪ್ಪಲಿಲ್ಲ. "ಅಜ್ಜಾ, ಬೆಂಗಳೂರಾಗ ಕಾಲರಾ ಬಂದವರು ಏನ್ ಮಾಡಬೇಕಿತ್ತು?" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಕಾಲರಾ ಗಂಟೆಗಳಲ್ಲಿ ಕೊಲ್ಲುವ ರೋಗ. ಖೇರವಾಡದ ಆದೇಶ ಶುದ್ಧ ಅವಿವೇಕ. ಬೆಂಗಳೂರಿನ ಆದೇಶವನ್ನು ಹಾಗೆನ್ನಲಾಗದು. ಮುಂದೆ ರಾಸ್ ಅವರು ಪಶ್ಚಿಮ ಆಫ್ರಿಕದಲ್ಲಿ ಊರುಗಳ ಸೊಳ್ಳೆ ನಿರ್ಮೂಲನಕ್ಕೆ ತೊಡಗಿದಾಗ, ಬೆಂಗಳೂರಿನ ಚರಂಡಿಗಳ ಅನುಭವ ಉಪಯೋಗಕ್ಕೆ ಬಂದಿತೆಂದೇ ನನ್ನ ಅಭಿಪ್ರಾಯ.

ಅದೇ ಕಾಲದ ಇನ್ನೊಬ್ಬ ತಜ್ಞರ ಕಥೆ ಬೇರೆ ತೆರನಾದುದು. ಹಾಫ್‌ಕಿನ್ ಅವರು 1893ರಲ್ಲಿ ಭಾರತಕ್ಕೆ ಬಂದದ್ದು ಕಾಲರಾ ಲಸಿಕೆಯೊಡನೆ. 1896ರಲ್ಲಿ ಮುಂಬಯಿಯಲ್ಲಿ ಪ್ಲೇಗ್ ಕಾಣಿಸಿಕೊಂಡಾಗ ಸರ್ಕಾರ ಅವರನ್ನು ಅತ್ತ ತಿರುಗಿಸಿತು. ಮೂರೇ ತಿಂಗಳಲ್ಲಿ ಪ್ಲೇಗ್ ಲಸಿಕೆ ತಯಾರಿಸಿ, 1897ರ ಜನವರಿ 10ರಂದು ಮೊದಲು ತಮಗೇ ಚುಚ್ಚಿಕೊಂಡರು. 1898ರಲ್ಲಿ ಹುಬ್ಬಳ್ಳಿಯಲ್ಲಿ ಸಾವಿರಾರು ಜನ ಆ ಲಸಿಕೆ ಪಡೆದರು. ಹಾಫ್‌ಕಿನ್ ಅವರಿಗೆ ರೋಗ ಬದಲಾಯಿತು, ವಿದ್ಯೆ ಬದಲಾಗಲಿಲ್ಲ. ರಾಸ್ ಅವರನ್ನು ಅವರ ವಿದ್ಯೆಯಿಂದಲೇ ದೂರ ಸರಿಸಿದರು. ಎರಡೂ ‘ನಿಯೋಜನೆ’ಗಳೇ, ಆದರೆ ಒಂದೇ ಅಲ್ಲ.

2020ಕ್ಕೆ ಬರೋಣ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯನ್ನು ಕೋವಿಡ್‌ಗೆ ಮೀಸಲಿಟ್ಟಾಗ ಇತರ ರೋಗಿಗಳು ಹೋಗಲು ಸುತ್ತಲೂ ಬೇರೆ ಆಸ್ಪತ್ರೆಗಳಿದ್ದವು. ನಮ್ಮ ಕಡೆಯ ಸ್ಥಿತಿ ಬೇರೆ. ತಾಲೂಕು ಆಸ್ಪತ್ರೆಯಲ್ಲಿ ಒಂದೊಂದು ವಿಭಾಗಕ್ಕೆ ಒಬ್ಬರೇ ತಜ್ಞರಿರುವುದು ಸಾಮಾನ್ಯ. ಆ ಒಬ್ಬರನ್ನು ಎತ್ತಿದರೆ ವಿಭಾಗಕ್ಕೇ ಬೀಗ. ಅರಿವಳಿಕೆ ವೈದ್ಯರು ಕೃತಕ ಉಸಿರಾಟದ ಯಂತ್ರದ ಬಳಿಗೆ ಹೋದರೆ ಉಳಿದ ಶಸ್ತ್ರಚಿಕಿತ್ಸಕರ ಕೈಯೂ ಕಟ್ಟಿದಂತೆ. ಕಾಯಿಲೆ ಬಿದ್ದರೆ ಸೊಲ್ಲಾಪುರ, ಇಲ್ಲವೇ ಹೈದರಾಬಾದು ಎನ್ನುವುದು ಬಸವಕಲ್ಯಾಣ, ಹುಮನಾಬಾದಿನವರ ಹಳೆಯ ರೂಢಿ. ಎರಡೂ ದಿಕ್ಕಿನ ಗಡಿಗಳಲ್ಲಿ ಆಗ ತಪಾಸಣೆಯ ನಾಕಾಗಳು.

ಇದರ ಬೆಲೆ ಎಷ್ಟೆಂದು ಒಂದು ಲೆಕ್ಕ ಹೇಳುತ್ತದೆ. 2019ರಲ್ಲಿ ದೇಶದಲ್ಲಿ ಸುಮಾರು 24 ಲಕ್ಷ ಕ್ಷಯರೋಗಿಗಳು ದಾಖಲಾಗಿದ್ದರು. 2020ರಲ್ಲಿ ಸುಮಾರು 18 ಲಕ್ಷ. ರೋಗ ಇದ್ದಕ್ಕಿದ್ದಂತೆ ಕಡಿಮೆಯಾದದ್ದಲ್ಲ, ಗುರುತಿಸುವವರು ಬೇರೆಡೆ ಇದ್ದರು. ಕ್ಷಯ ಪತ್ತೆಯ ಯಂತ್ರಗಳನ್ನೂ ಕೋವಿಡ್ ಪರೀಕ್ಷೆಗೆ ಬಳಸಲಾಗಿತ್ತು.

ಆ ವರ್ಷದ ಆಗಸ್ಟಿನಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಫೋನು ಬಂದಿತು. ಮೂಳೆ ವೈದ್ಯ; ಕೋವಿಡ್ ವಾರ್ಡಿನ ಪಾಳಿ ಮುಗಿಸಿ ಪ್ರತ್ಯೇಕ ವಾಸದಲ್ಲಿದ್ದ. "ಸರ್, ಎಲುಬು ಕೂಡಿಸೋದು ಮರ್ತು ಹೋಗ್ತದೇನೋ ಅನಸ್ತದ್ರಿ. ದಿನಾ ಬೆರಳಿಗಿ ಮಿಷನ್ ಹಚ್ಚಿ ಆಕ್ಸಿಜನ್ ನೋಡೋದೇ ಕೆಲಸ" ಎಂದ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಖರೇ ಹೇಳ್ತೀನ್ರಿ, ಆ ಕೆಲಸ ನನಗ ಪೂರಾ ಬರಂಗಿಲ್ಲ. ತಪ್ಪಾದೀತು ಅಂತ ಅಂಜಿಕಿ ಆಗ್ತದ" ಎಂದ. ತರಗತಿಯಲ್ಲಿ ಎಂದೂ ಉತ್ತರ ತಪ್ಪದ ಹುಡುಗ. ನನ್ನ ಕಣ್ಣಿನ ವಿಚಾರವನ್ನು ಅವನಲ್ಲಿ ಎತ್ತಲಿಲ್ಲ.

ಎಡಗಣ್ಣಿನ ಶಸ್ತ್ರಚಿಕಿತ್ಸೆ ಕೊನೆಗೆ 2021ರ ಜನವರಿಯಲ್ಲಿ ಆಯಿತು. ಪೊರೆ ಕಾಯಬಲ್ಲುದು, ತಡವಾದರೂ ತೆಗೆದರೆ ಹೆಚ್ಚಿನವರಿಗೆ ದೃಷ್ಟಿ ಮರಳುತ್ತದೆ. ಗ್ಲಾಕೋಮಾ ಹಾಗಲ್ಲ, ಅದರಿಂದ ಹೋದ ದೃಷ್ಟಿ ಹೋದಂತೆಯೇ. ಹಿಂದಿನ ವರ್ಷ ನನ್ನೊಡನೆ ಸರದಿಯಲ್ಲಿ ಕುಳಿತಿದ್ದ ಹಳ್ಳಿಯ ಅಜ್ಜಿಗೆ ಇದ್ದದ್ದು ಗ್ಲಾಕೋಮಾ. ಜನವರಿಯಲ್ಲಿ ಅವರನ್ನು ಮತ್ತೆ ಕಂಡೆ. ಮೊಮ್ಮಗನ ಹೆಗಲ ಮೇಲೆ ಕೈಯಿಟ್ಟು ನಡೆಯುತ್ತಿದ್ದರು. ನನ್ನ ಧ್ವನಿಯಿಂದ ಗುರುತು ಹಿಡಿದು, "ಮಾಸ್ತರ್ರು ಏನ್ರಿ?" ಎಂದರು. ಆ ಅಜ್ಜಿಯ ಹೆಸರು ಯಾವ ಕೋವಿಡ್ ಲೆಕ್ಕದಲ್ಲಿಯೂ ಇಲ್ಲ.

ಬಲಗಣ್ಣಿಗೆ 2021ರ ಏಪ್ರಿಲ್ ಕೊನೆಯ ವಾರವೆಂದು ನಿಗದಿಯಾಯಿತು. ನಮ್ಮ ಶಾಸಕರಾಗಿದ್ದ ಬಿ. ನಾರಾಯಣರಾವ್ ಅವರು 2020ರ ಸೆಪ್ಟೆಂಬರ್ 24ರಂದು ಕೋವಿಡ್‌ನಿಂದ ತೀರಿಕೊಂಡಿದ್ದರು. ಆ ಸ್ಥಾನಕ್ಕೆ ಏಪ್ರಿಲ್ 17ರಂದು ಬಸವಕಲ್ಯಾಣದಲ್ಲಿ ಉಪಚುನಾವಣೆ. ಅಷ್ಟರಲ್ಲಿ ಎರಡನೆಯ ಅಲೆ ಎದ್ದಿತ್ತು. ಮೇ 3ರಂದು ಕೇಂದ್ರ ಸರ್ಕಾರ ಸ್ನಾತಕೋತ್ತರ ವೈದ್ಯಕೀಯ ಪ್ರವೇಶ ಪರೀಕ್ಷೆಯನ್ನೇ ಮುಂದೂಡಿ, ತರಬೇತಿಯ ವೈದ್ಯರನ್ನೂ ಕೋವಿಡ್ ಕೆಲಸಕ್ಕೆ ಕರೆಯಿತು. ನನ್ನ ವೈದ್ಯೆ ಮತ್ತೆ ವಾರ್ಡಿಗೆ ಹೋದರು. ಆ ತಿಂಗಳಲ್ಲಿಯೇ ಕಪ್ಪು ಶಿಲೀಂಧ್ರ ಕಾಣಿಸಿಕೊಂಡಿತು. ಕೋವಿಡ್‌ನಿಂದ ಗುಣವಾದವರ ಮೂಗು, ಕಣ್ಣುಗಳನ್ನು ತಿನ್ನುವ ಕಾಯಿಲೆ. ವರ್ಷದುದ್ದಕ್ಕೂ ಜ್ವರ ನೋಡಿದ ಕಣ್ಣು ಮತ್ತು ಕಿವಿ-ಮೂಗು-ಗಂಟಲಿನ ವೈದ್ಯರಿಗೆ ಅವರವರ ವಿದ್ಯೆಗಾಗಿಯೇ ಕರೆ ಬಂದಿತು.

ನನ್ನ ದಿನಾಂಕ ಮುಂದೆ ಹೋಗಿದೆಯೆಂದು ತಿಳಿಸಲು ಈ ಸಲ ವೈದ್ಯೆಯೇ ಫೋನು ಮಾಡಿದ್ದರು. ಊಟ ಆಯಿತೇನಮ್ಮಾ ಎಂದು ಕೇಳಿದೆ. ಸಂಜೆ ನಾಲ್ಕಾಗಿತ್ತು, ಇನ್ನೂ ಇಲ್ಲ ಸರ್ ಎಂದರು.